ಡ್ರಮ್‌ಮೋರ್ ಎಂಬ ತಗ್ಗು

ಇದನ್ನು ಬರೆಯಲು ಹಲವು ಸಲ ಕುಳಿತಿದ್ದೇನೆ. ಪ್ರತಿ ಸಲವೂ ನನ್ನ ಹೆಮ್ಮೆಯ ಭಾಗವನ್ನಷ್ಟೇ ಬರೆದು ಎದ್ದಿದ್ದೇನೆ. ಈ ಸಲ ಪೂರ್ತಿ ಹೇಳುತ್ತೇನೆ.

1986ರಲ್ಲಿ ನಾನು ಜರ್ಸಿ ಸಿಟಿಯ ಸಣ್ಣದೊಂದು ಲ್ಯಾಂಡ್ ಸರ್ವೆ ಕಂಪನಿಯಲ್ಲಿ ರಾಡ್‌ಮನ್, ಅಂದರೆ ಅಳತೆಗೋಲು ಹಿಡಿದು ನಿಲ್ಲುವವನು. ಓದಿದ್ದು ಎಸ್ಸೆಸ್ಸೆಲ್ಸಿ. ಮಾಲೀಕರು ಧಾರವಾಡದ ಕಡೆಯ ಎಂಜಿನಿಯರ್ ಪಾಟೀಲರು. ನಮ್ಮ ಅಳತೆ ತಂಡದ ಮುಖ್ಯಸ್ಥ, ಕ್ರೂ ಚೀಫ್, ಐರ್ಲೆಂಡಿನ ಪಶ್ಚಿಮ ಕರಾವಳಿಯವನು, ಮನೆಮಾತು ಗೇಲಿಕ್. ವ್ಯಾನ್ ಓಡಿಸುತ್ತಲೇ ಊರ ಬೋರ್ಡುಗಳ ಹೆಸರು ಬಿಡಿಸುತ್ತಿದ್ದ. ಗ್ಲೆನ್ ಎಂದರೆ ಕಣಿವೆ, ಇನ್ವರ್ ಎಂದರೆ ಹೊಳೆಯ ಬಾಯಿ, ಡ್ರಮ್ ಎಂದರೆ ಬೆನ್ನಿನಂತೆ ಉದ್ದಕ್ಕೆ ಮಲಗಿದ ದಿಬ್ಬ, ಮೋರ್ ಎಂದರೆ ದೊಡ್ಡದು.

ನನಗಿದು ಬೇಗ ಹತ್ತಿತು. ತುಮಕೂರಿನ ನಮ್ಮ ಕಡೆಯೂ ದಿಣ್ಣೆಹಳ್ಳಿ ದಿಣ್ಣೆಯ ಮೇಲೆಯೇ ಇರುತ್ತದೆ. ಭಾನುವಾರ ಫ್ಲೋರಲ್ ಪಾರ್ಕಿನ ಅಕ್ಕನ ಮನೆಯಲ್ಲಿ ನಾನು ಹೆಸರು ಬಿಡಿಸಿದರೆ ಡಿಗ್ರಿ ಪಡೆದ ನೆಂಟರೂ ಕಿವಿಗೊಡುತ್ತಿದ್ದರು.

ಆ ಚಳಿಗಾಲಕ್ಕೆ ಮುಂಚೆ ಡ್ರಮ್‌ಮೋರ್ ಎಂಬ, ಏರುತಗ್ಗು ಕಣ್ಣಿಗೆ ಸ್ಪಷ್ಟವಾಗಿ ಕಾಣದ ಹಳೆಯ ಫಾರ್ಮಿನಲ್ಲಿ ಮೂರು ಮನೆಗಳ ಕೆಲಸ ಬಂತು. ಬೇಸ್‌ಮೆಂಟಿಗೆ ಗೂಟ ಹೊಡೆಯುವ ಮೊದಲು ಟೆಸ್ಟ್ ಪಿಟ್ ತೋಡಿ, ನೀರು ಎಷ್ಟು ಆಳದಲ್ಲಿದೆ ಎಂದು ನೋಡುವುದು ಕ್ರಮ. ದೊಡ್ಡ ದಿಬ್ಬಕ್ಕೆ ಗುಂಡಿ ಯಾಕೆ ಎಂದೆ. ಚೀಫ್ ನಕ್ಕ.

"ನಮ್ಮಜ್ಜನ ಹಸುವಿನ ಹೆಸರು ರಾಣಿ. ಅದು ಸಿಂಹಾಸನದ ಮೇಲೇನೂ ಕೂತಿರಲಿಲ್ಲ. ಇದು ಊರು ಬಿಟ್ಟು ಬಂದವನು ಇಟ್ಟ ಹೆಸರು, ದಿಬ್ಬ ಇದ್ದದ್ದು ಅವನ ಊರಲ್ಲಿ. ಗುಂಡಿ ಬೇಕೇಬೇಕು ಅಂತ ಪಾಟೀಲರಿಗೆ ಹೇಳು."

ಸಂಜೆ ನಾನು ಪಾಟೀಲರ ಕಾರಿನಲ್ಲೇ ಮನೆಗೆ ಹೋಗುತ್ತಿದ್ದೆ. "ಗುಂಡಿ ತೋಡಸಬೇಕೇನಪಾ?" ಎಂದು ಅವರೇ ಕೇಳಿದರು.

"ಬೇಡ ಸಾರ್. ಹೆಸರಲ್ಲೇ ಇದೆ, ದೊಡ್ಡ ದಿಬ್ಬ ಅಂತ."

"ಭಾಳ ಶಾಣ್ಯಾ ಆಗೀಯಲ್ಲೋ," ಎಂದು ಬೆನ್ನು ತಟ್ಟಿದರು. ಮರುದಿನ ಚೀಫ್‌ಗೆ, ಪಾಟೀಲರೇ ಬೇಡ ಅಂದರು ಎಂದೆ.

ಹಿಮ ಕರಗಿದ ಏಪ್ರಿಲ್‌ನಲ್ಲಿ ಮೂರೂ ಬೇಸ್‌ಮೆಂಟುಗಳಲ್ಲಿ ಮೊಣಕಾಲುದ್ದ ನೀರು. ಪಾಟೀಲರು ಆಫೀಸಿನಲ್ಲಿ ಕನ್ನಡದಲ್ಲೇ ಕೇಳಿದರು: "ದಿಬ್ಬ ಅಂತ ನಿನಗ ಹೇಳಿದವರು ಯಾರು?"

ಎದುರು ಮೇಜಿನಲ್ಲಿ ಚೀಫ್ ಸ್ಯಾಂಡ್‌ವಿಚ್ ಬಿಚ್ಚುತ್ತಿದ್ದ. ನಾನು ಅವನ ಹೆಸರು ಹೇಳಿದೆ. ಗುಂಡಿ ಬೇಡವೆಂದದ್ದೂ ಅವನೇ ಎಂದೆ. ಕನ್ನಡದ ನಡುವೆ ತನ್ನ ಹೆಸರು ಕೇಳಿದ ಅವನು, ನಾನು ಹೊಗಳುತ್ತಿದ್ದೇನೆಂದು ತಿಳಿದು, ತಲೆಯೆತ್ತಿ ನಕ್ಕ.

ಆ ಶುಕ್ರವಾರವೇ, ಅವನ ಮಾತು ಕೇಳದೆ, ಅವನನ್ನು ಕೆಲಸದಿಂದ ತೆಗೆದರು. ಮುಂದೆ ಅವನ ಜಾಗ ನನಗೆ ಸಿಕ್ಕಿತು. ನಿವೃತ್ತನಾಗುವವರೆಗೆ ಟೆಸ್ಟ್ ಪಿಟ್ ತೋಡಿಸದೆ ನಾನು ಒಂದು ಗೂಟವನ್ನೂ ಹೊಡೆಯಲಿಲ್ಲ. ನಾನು ಗುರುತು ಹಾಕಿದ ಯಾವ ಮನೆಯಿಂದಲೂ ನೀರಿನ ದೂರು ಬರಲಿಲ್ಲ. ಆ ಹೆಮ್ಮೆಯನ್ನು ಇವತ್ತಿಗೂ ಬಿಡಲಾರೆ. ವಲಸೆ ಬಂದವರು ಇಟ್ಟ ಹೆಸರು ಅವರು ಬಿಟ್ಟುಬಂದ ನೆಲದ ಮಾತು ಹೇಳುತ್ತದೆ. ಕಾಲಡಿಯ ನೆಲವನ್ನು ತೋಡಿಯೇ ಕೇಳಬೇಕು. ಕೆಲಸ ಕಲಿಸಿದ್ದು ಇದನ್ನು. ಆದರೆ ಕೆಲಸಕ್ಕಿಂತ ಮೊದಲೇ ಒಬ್ಬ ಮನುಷ್ಯ ನನಗಿದನ್ನು ಹೇಳಿದ್ದ.

ಮೊನ್ನೆ ಕಾರಿನಲ್ಲಿ ಒಂದು ಬೋರ್ಡು ಕಂಡು, ಗ್ಲೆನ್ ಅಂದರೆ ಕಣಿವೆ ಎಂದು ಮೊಮ್ಮಗಳಿಗೆ ಹೇಳಿದೆ.

"ಹೂ ಟೋಲ್ಡ್ ಯೂ, ತಾತ?" ಎಂದಳು.

ಅದೇ ಪ್ರಶ್ನೆ. ನಾನೆಂದೂ ಕ್ಷಮೆ ಕೇಳದ ಆ ಮನುಷ್ಯನ ಹೆಸರನ್ನು ಈ ಸಲ ನಿಜವಾಗಿ ಹೇಳಿದೆ: ಡೋನಲ್ ಗ್ಯಾಲಹರ್.