ಆಡೋಕೆ ಬರುವ ಅಕ್ಕ

ಎಪ್ಪತ್ತರ ದಶಕದಲ್ಲಿ ನಾನು ಯಾವ ಆಸ್ಪತ್ರೆಗೂ ಸೇರದೆ, ಕೈಕಾಲು ಸ್ವಾಧೀನವಿಲ್ಲದ ಮಕ್ಕಳಿಗೆ ಮನೆಮನೆಗೆ ಹೋಗಿ ಆಟ ಆಡಿಸುತ್ತಲೇ ಚಿಕಿತ್ಸೆ ಕೊಡುತ್ತಿದ್ದೆ. ಜವನಗೊಂಡನಹಳ್ಳಿಯ ಕುರಿ ಸಾಕುವವರ ಮನೆಯಲ್ಲಿ ಆರು ವರ್ಷದ ಕೆಂಚಿ ಇದ್ದಳು. ಅವಳ ಬಲಗೈ ಹುಟ್ಟಿದಾಗಿನಿಂದ ಮುಷ್ಟಿ ಕಟ್ಟಿಕೊಂಡೇ ಇತ್ತು. ಪ್ರತಿ ಗುರುವಾರ ಹಿರಿಯೂರಿನ ಬಾಡಿಗೆ ಕೋಣೆಗೆ ಬೀಗ ಹಾಕಿ, ಮರದ ಮಣಿಗಳ ಚೀಲ ಹಿಡಿದು ಬಸ್ಸು ಹತ್ತುತ್ತಿದ್ದೆ. ಅವಳು ಮಣಿ ಎತ್ತಿ ನನ್ನ ಅಂಗೈಗೆ ಹಾಕಬೇಕು, ಅಷ್ಟೇ ಆಟ. ಎರಡು ತಿಂಗಳಾದರೂ ಕೈ ಮುಂದೆ ಮಾಡಲಿಲ್ಲ.

ಒಂದು ಗುರುವಾರ ಬೆರಳು ಬಿಚ್ಚಿದಳು. ನಡುಗುತ್ತ ನಡುಗುತ್ತ ಒಂದು ಮಣಿ ನನ್ನ ಕೈಗೆ ಬಂತು. ನಾನು ಹಿಗ್ಗಿ, "ಇವತ್ತು ಹೆಂಗೆ ಮನಸ್ಸು ಬಂತವ್ವಾ?" ಅಂದೆ.

"ಅಜ್ಜಿ ಹೇಳ್ತು," ಅಂದಳು. "ಪಾಪ, ಆ ಅಕ್ಕಾರಿಗೆ ಮಕ್ಳು ಮರಿ ಇಲ್ಲ, ಆಡಾಕೆ ಅಂತ ಬಸ್ಸತ್ತಿ ಬರ್ತಾರೆ. ಬ್ಯಾಡ ಅನ್ನಬ್ಯಾಡ, ಆಡು ಅಂತ."

ಬಾಗಿಲಲ್ಲಿ ಉಣ್ಣೆ ಹಿಂಜುತ್ತಿದ್ದ ಅಜ್ಜಿ ತಲೆ ಎತ್ತದೆ, "ಸೋಮಾರನೂ ಬರ್ರಿ. ನಮಗೇನು ತೊಂದ್ರೆ ಇಲ್ಲ," ಅಂತು.

ಇದು ನನ್ನ ಉದ್ಯೋಗ ಅಂತ ಹೇಳಬೇಕಿತ್ತು. ಮಣಿಗಳನ್ನು ಚೀಲಕ್ಕೆ ತುಂಬಿಕೊಂಡು ಎದ್ದೆ. ವಾಪಸು ಬರುವಾಗ ದಾರಿಯುದ್ದಕ್ಕೂ ಅಜ್ಜಿಯ ಮಾತಿನಲ್ಲಿ ತಪ್ಪು ಹುಡುಕಿದೆ. ಹಿರಿಯೂರು ಬಂತು, ತಪ್ಪು ಸಿಗಲಿಲ್ಲ.

ಸೋಮವಾರವೂ ಹೋದೆ.