ನನ್ನ ಲೇಖಕರು ಜೀಪು ಹತ್ತಿದ ದಿನ

ಗೋಣಿಬೀಡಿನಲ್ಲಿ ನನ್ನದೊಂದು ಜೀಪು ರಿಪೇರಿ ಶೆಡ್ಡು. ಅಲ್ಲಿ ಸ್ಪ್ಯಾನರ್ ನೇತುಹಾಕುವ ಹಲಗೆಯ ಮೇಲೆ ಗಾಜು ಹಾಕಿಸಿದ ಚೌಕಟ್ಟಿನಲ್ಲಿ ಒಂದು ಪೋಸ್ಟ್ ಕಾರ್ಡು ಇತ್ತು. 'ನಿಮ್ಮ ಪತ್ರ ಓದಿ ಸಂತೋಷವಾಯಿತು. ಹೀಗೇ ಓದುತ್ತಿರಿ' ಅಂತ ಎರಡು ಸಾಲು, ಕೆಳಗೆ ಸಹಿ. ಬರೆದವರು ನನ್ನ ಲೇಖಕರು. 'ನನ್ನ' ಅನ್ನಲು ನನಗೆ ಹಕ್ಕಿದೆ ಅಂತ ಆಗ ನಂಬಿದ್ದೆ. ಮನೆಯಲ್ಲಿ ಬ್ಯಾರಿ ಮಾತಾಡುವವನು ನಾನು, ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ನಾಲ್ಕು ಸಾಲು ಕನ್ನಡ ನೆಟ್ಟಗೆ ಬರೆಯಲು ಕಲಿತದ್ದೇ ಅವರ ಕಾದಂಬರಿಗಳಿಂದ. ಹತ್ತು ವರ್ಷ ಅವರಿಗೆ ಪತ್ರ ಹಾಕಿದೆ. ಉತ್ತರ ಬಂದದ್ದು ಆ ಒಂದೇ. ದೊಡ್ಡವರು, ಪುರುಸೊತ್ತು ಎಲ್ಲಿರುತ್ತದೆ ಅಂದುಕೊಂಡೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಅವರು ಮೂಡಿಗೆರೆಗೆ ಭಾಷಣಕ್ಕೆ ಬಂದರು. ಅಲ್ಲಿಂದ ಕಳಸದ ದಾರಿಯ ಒಂದು ಎಸ್ಟೇಟಿನಲ್ಲಿ ಊಟ. ಆ ಎಸ್ಟೇಟಿನ ಜೀಪು ನನ್ನ ಶೆಡ್ಡಿನಲ್ಲೇ ಗೇರ್ ಬಾಕ್ಸ್ ಬಿಚ್ಚಿಸಿಕೊಂಡು ಕೂತಿತ್ತು. ಹಾಗಾಗಿ ಸಾಹುಕಾರರು ಫೋನು ಮಾಡಿದರು: "ನಿಂದೇ ಗಾಡಿ ತಗೊಂಡ್ ಬಾ ಮಾರಾಯ, ಸಾಹಿತಿಗಳ್ನ ಕರ್ಕೊಂಡ್ ಬರ್ಬೇಕು." ಯಾವ ಸಾಹಿತಿಗಳು ಅಂತ ಕೇಳಿ ಕೈಯಲ್ಲಿದ್ದ ಗ್ರೀಸ್ ಡಬ್ಬಿ ಬೀಳಿಸಿದೆ.

ಬೆಳಿಗ್ಗೆ ಸೀಮೆಎಣ್ಣೆಯಲ್ಲಿ ಕೈ ತಿಕ್ಕಿ ತಿಕ್ಕಿ ತೊಳೆದೆ. ಉಗುರಿನ ಸಂದಿಯ ಕಪ್ಪು ಮಾತ್ರ ಹೋಗಲಿಲ್ಲ. ಅವರ ಎರಡನೇ ಕಾದಂಬರಿಯನ್ನು ಪೇಪರಿನಲ್ಲಿ ಸುತ್ತಿ ಸೀಟಿನ ಕೆಳಗಿಟ್ಟುಕೊಂಡೆ, ಸಹಿ ಹಾಕಿಸಿಕೊಳ್ಳಲು. ಆದರೆ ನನಗೆ ಬೇಕಾಗಿದ್ದದ್ದು ಸಹಿ ಅಲ್ಲ. ಪತ್ರ ಬರೆಯುವ ಗೋಣಿಬೀಡಿನವನು ನಾನೇ ಅಂತ ಅವರಿಗೆ ಗೊತ್ತಾಗಬೇಕಿತ್ತು. ಅಷ್ಟೇ.

ಜೀಪು ಹತ್ತಿದರು. ಕೊಟ್ಟಿಗೆಹಾರ ದಾಟಿದ ಮೇಲೆ ಧೈರ್ಯ ಮಾಡಿದೆ. "ಸಾರ್, ನಾನು ನಿಮ್ಮ..."

"ಮುಂದೆ ನೋಡಿ ಓಡಿಸಪ್ಪ, ತಿರುವಿದೆ" ಅಂದರು.

ಆ ತಿರುವುಗಳಲ್ಲಿ ನಾನು ಹುಟ್ಟಿದಾಗಿನಿಂದ ಓಡಾಡಿದ್ದೇನೆ. ಇರಲಿ, ಪಾಪ ಘಾಟಿ ಅಭ್ಯಾಸವಿಲ್ಲ ಅಂತ ಬಾಯಿ ಮುಚ್ಚಿಕೊಂಡೆ. ಹೇಳಲು ಇನ್ನೊಂದು ಒಳ್ಳೆಯ ಜಾಗ ಬರಲಿದೆ ಅಂತ ನನಗೆ ಗೊತ್ತಿತ್ತಲ್ಲ.

ನಮ್ಮ ಕಡೆ ಎಸ್ಟೇಟುಗಳಲ್ಲಿ ಒಂದು ಪದ್ಧತಿ. ನೆಂಟರು ಎದುರಿನ ಮೆಟ್ಟಿಲು ಹತ್ತಿ ಒಳಗೆ ಹೋಗುತ್ತಾರೆ, ಡ್ರೈವರು ಸುತ್ತುಹಾಕಿ ಹಿಂದಿನ ಅಡುಗೆಮನೆ ಜಗಲಿಗೆ ಹೋಗುತ್ತಾನೆ. ಯಾರೂ ಹೇಳುವುದಿಲ್ಲ, ಕಾಲಿಗೇ ಗೊತ್ತಿರುತ್ತದೆ. ಅವರ ಎರಡನೇ ಕಾದಂಬರಿಯ ನಾಯಕ ಇದನ್ನೇ ಮುರಿಯುತ್ತಾನೆ. ಡ್ರೈವರು ಜೊತೆಗೆ ಬರುವ ತನಕ ನಾನು ಮೆಟ್ಟಿಲು ಹತ್ತುವುದಿಲ್ಲ ಅಂತ ಅಂಗಳದಲ್ಲೇ ನಿಂತುಬಿಡುತ್ತಾನೆ. ಆ ಪುಟ ನನಗೆ ಬಾಯಿಪಾಠ. ಬರೆದವರೇ ಈಗ ಅಂಥದ್ದೇ ಮೆಟ್ಟಿಲ ಮುಂದೆ ಇಳಿಯುತ್ತಿದ್ದಾರೆ! ನಾನು ಬೇಕೆಂದೇ ಹಿಂದಕ್ಕೆ ಹೋಗದೆ ಜೀಪಿನ ಪಕ್ಕ ನಿಂತೆ.

ಎರಡು ಮೆಟ್ಟಿಲು ಹತ್ತಿದವರು ನಿಂತರು. ತಿರುಗಿ ನನ್ನನ್ನೇ ನೋಡಿದರು.

"ಬ್ಯಾಗು ತಂದು ಒಳಗಿಡಪ್ಪ."

ಇಟ್ಟೆ. ಆಮೇಲೆ ಸುತ್ತುಹಾಕಿ ಹಿಂದಕ್ಕೆ ಹೋದೆ. ಅಡುಗೆಯವರು ಬಡಿಸಿದ ಅಕ್ಕಿ ರೊಟ್ಟಿ, ಕೋಳಿ ಸಾರು ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಒಳಗಿನಿಂದ ಅವರ ನಗು ಕೇಳುತ್ತಿತ್ತು. ವಾಪಸು ಬರುವಾಗ ದಾರಿಯುದ್ದಕ್ಕೂ ನಿದ್ದೆ ಮಾಡಿದರು. ಮೂಡಿಗೆರೆಯಲ್ಲಿ ಇಳಿದಾಗ ಸೀಟಿನ ಕೆಳಗೆ ಕೈ ಹಾಕಿದೆ, ಪುಸ್ತಕ ಹೊರಗೆ ತೆಗೆಯಲು ಮನಸ್ಸು ಬರಲಿಲ್ಲ. ದಣಿದಿದ್ದಾರೆ, ವಯಸ್ಸಾಯಿತು ಅಂತ ಅವರ ಪರವಾಗಿ ನಾನೇ ನೆಪ ಹುಡುಕಿಕೊಂಡೆ. ಅಭಿಮಾನ ಅನ್ನುವುದು ಎಷ್ಟು ನಾಚಿಕೆಗೆಟ್ಟದ್ದು ನೋಡಿ.

ಒಂದು ತಿಂಗಳಾಗಿರಬೇಕು. ಎದುರಿನ ಹೋಟೆಲಿನವರು ಪೇಪರು ಬೀಸುತ್ತಾ ರಸ್ತೆ ದಾಟಿ ಬಂದರು. "ಏನ್ ಮಾರಾಯ, ಪೇಪರಲ್ಲೇ ಬಂದ್ಬಿಟ್ಯಲ್ಲ!" ಲೇಖಕರ ವಾರದ ಅಂಕಣ. ಮಲೆನಾಡಿನ ಎಸ್ಟೇಟೊಂದರಲ್ಲಿ ಡ್ರೈವರನ್ನು ಹಿಂದಕ್ಕೆ ಕಳಿಸಲು ನೋಡಿದರಂತೆ. ಇವರು ಒಪ್ಪದೆ ಕೈ ಹಿಡಿದು ಮೆಟ್ಟಿಲು ಹತ್ತಿಸಿ ಪಕ್ಕದಲ್ಲಿ ಕೂರಿಸಿಕೊಂಡರಂತೆ. ಆ ಅಕ್ಷರ ಬಾರದ ಮುಗ್ಧನ ಕಣ್ಣು ತುಂಬಿ ಬಂತಂತೆ.

"ಅಲ್ಲಾ, ದಿನಾ ನನ್ ಪೇಪರ್ ಪುಕ್ಸಟ್ಟೆ ಓದ್ತೀಯ, ನಿಂಗೆ ಓದಕ್ಕೇ ಬರಲ್ಲ ಅಂತ ಹಾಕಿದಾರಲ್ಲೋ!" ಅಂತ ಹೋಟೆಲಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ತಮಾಷೆಗೆ ಅಂದದ್ದು. ನನಗೆ ಮೈಯೆಲ್ಲ ಉರಿಯಿತು. ಹಿಂದಿನ ಜಗಲಿಯಲ್ಲಿ ಉಂಡದ್ದಕ್ಕೆ ಬೇಜಾರಿಲ್ಲ, ಸಾವಿರ ಸಲ ಉಂಡಿದ್ದೇನೆ. ಆದರೆ ಅವರು ನನ್ನಿಂದ ಓದನ್ನೇ ಕಿತ್ತುಕೊಂಡರಲ್ಲ! ನನ್ನ ಹತ್ತಿರ ಹೆಮ್ಮೆ ಪಡಲು ಇದ್ದದ್ದೇ ಅದೊಂದು.

ಅವತ್ತೇ ಪತ್ರ ಬರೆದೆ. ಮೂರು ಹಾಳೆ. ಆ ಡ್ರೈವರು ನಾನೇ, ಹತ್ತು ವರ್ಷದಿಂದ ನಿಮಗೆ ಬರೆಯುತ್ತಿರುವವನೂ ನಾನೇ, ನೀವು ನನ್ನ ಕೈ ಹಿಡಿಯಲಿಲ್ಲ, ಬ್ಯಾಗು ಹೊರಿಸಿದಿರಿ, ಬರೆದದ್ದು ಹಸಿ ಸುಳ್ಳು ಅಂತ ಒಂದನ್ನೂ ಬಿಡದೆ ಬರೆದೆ. ಬೈಗುಳವೂ ಒಂದೆರಡು ಬಂದವು.

ಹದಿನೈದು ದಿನಕ್ಕೆ ಪೋಸ್ಟ್ ಕಾರ್ಡು ಬಂತು. 'ನಿಮ್ಮ ಪತ್ರ ಓದಿ ಸಂತೋಷವಾಯಿತು. ಹೀಗೇ ಓದುತ್ತಿರಿ.'

ಹಲಗೆಯ ಮೇಲಿನ ಚೌಕಟ್ಟನ್ನು ಇಳಿಸಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಅದೇ ಎರಡು ಸಾಲು, ಅದೇ ಸಹಿ. ಹತ್ತು ವರ್ಷದಲ್ಲಿ ನನ್ನ ಒಂದು ಪತ್ರವನ್ನೂ ಅವರು ಓದಿರಲಿಲ್ಲ. ಎರಡೂ ಕಾರ್ಡನ್ನು ಒಲೆಗೆ ಹಾಕಿದೆ. ಇನ್ನು ಅವರ ಪುಸ್ತಕ ಮುಟ್ಟಿದರೆ ಕೇಳಿ ಅಂತ ಹೋಟೆಲಿನವರ ಎದುರು ಆಣೆಯನ್ನೂ ಮಾಡಿದೆ.

ಎರಡು ವರ್ಷದ ಮೇಲೆ ಅವರ ಹೊಸ ಕಾದಂಬರಿ ಬಂತು. ಚಿಕ್ಕಮಗಳೂರಿಗೆ ಬೇರಿಂಗ್ ತರಲು ಹೋದವನು ಅಂಗಡಿಯಲ್ಲಿ ಕಂಡು ಕೊಂಡುಬಿಟ್ಟೆ. ಥೂ ನನ್ನ ಜನ್ಮಕ್ಕೆ! ಆಲ್ದೂರು ಬರುವ ಹೊತ್ತಿಗೆ ಬಸ್ಸಿನಲ್ಲೇ ಮೊದಲ ಅಧ್ಯಾಯ ಮುಗಿದಿತ್ತು, ಮಾರನೇ ದಿನಕ್ಕೆ ಪುಸ್ತಕವೇ ಮುಗಿಯಿತು. ಕೆಟ್ಟದಾಗಿರಲಿ ಅಂತ ಪುಟಪುಟಕ್ಕೂ ಹಾರೈಸುತ್ತಾ ಓದಿದೆ.

ಚೆನ್ನಾಗಿತ್ತು. ಆ ಮನುಷ್ಯನನ್ನು ನಾನು ಇವತ್ತಿಗೂ ಕ್ಷಮಿಸದೇ ಇರುವುದು ಅದಕ್ಕೇ.