ಜಸ್ತದ ಜ್ವರ

ಅವ್ವ ತೀರಿಕೊಂಡ ಮೇಲೆ ಮನೆಯಲ್ಲೇ ಕೂತಿದ್ದ ಅಪ್ಪ, ಕಾರ್ಯವೆಲ್ಲ ಮುಗಿದ ಮರುದಿನ ವೆಲ್ಡಿಂಗ್ ಅಂಗಡಿಯ ಶಟರ್ ಎತ್ತಿದರು. ಬಸವಕಲ್ಯಾಣದಲ್ಲಿ ಹುಮನಾಬಾದ್ ರಸ್ತೆಗಿರುವ ಅಂಗಡಿ ಅದು. ಸಂಜೆ ಮನೆಗೆ ಬಂದಾಗ ಮೈ ನಡುಗುತ್ತಿತ್ತು, ಜ್ವರ ಏರಿತ್ತು.

ಹುಡಗಿ ಎಂಬ ಊರಿನಿಂದ ಬಂದು ನಮ್ಮಲ್ಲೇ ಉಳಿದಿದ್ದ ಸೋದರತ್ತೆ ಅವರಿಗೆ ಕೌದಿ ಹೊದಿಸುತ್ತ, "ಆಕಿ ಕರ್ಯಾಕತ್ತಾಳಣ್ಣಾ," ಎಂದಳು. "ಇದ್ದಾಗ ಊಟಕ್ಕ ಬರ್ರಿ, ಊಟಕ್ಕ ಬರ್ರಿ ಅಂತ ಕರದು ಕರದು ಸಾಕಾಗಿದ್ಳು. ಈಗ ಬಿಡ್ತಾಳೇನು?"

ಅಪ್ಪ ನಕ್ಕರು. ಆ ನಗುವಿನಲ್ಲಿ ಒಪ್ಪಿಗೆ ಇದ್ದಂತೆ ಕಂಡು ನನಗೆ ಹೆದರಿಕೆಯಾಯಿತು.

ಬೆಳಗ್ಗೆ ಜ್ವರ ಇಳಿದಿತ್ತು. ಆದರೂ ಅವರು ತಟ್ಟೆ ಮುಟ್ಟಲಿಲ್ಲ. "ಇನ್ನ ಯಾತಕ್ಕವ್ವಾ?" ಎಂದು ಅಂಗಡಿಯ ಕೀಲಿಕೈ ನನ್ನ ಕೈಗಿಟ್ಟು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು.

ನಾನು ಕಲಬುರಗಿಯಲ್ಲಿ ರಸಾಯನಶಾಸ್ತ್ರ ಓದಿದವಳು. ಹಿಂದಿನ ದಿನ ಅಪ್ಪ ಬೆಸೆದದ್ದು ಜಸ್ತ, ಅಂದರೆ ಸತು, ಲೇಪಿಸಿದ ಪೈಪುಗಳನ್ನು. ಕಬ್ಬಿಣ ಕರಗುವ ಮೊದಲೇ ಸತು ಕುದಿದು ಆವಿಯಾಗುತ್ತದೆ; ಗಾಳಿ ತಾಕಿದ ಕೂಡಲೇ ಆಕ್ಸೈಡಾಗಿ, ಬಿಳಿ ಹೊಗೆಯಾಗಿ ಎದೆಗಿಳಿಯುತ್ತದೆ. ದಿನವೂ ಉಸಿರಾಡುವವನಿಗೆ ಮೈ ರೂಢಿಯಾದಂತಿರುತ್ತದೆ. ಕೆಲವು ದಿನ ಬಿಟ್ಟು ಮತ್ತೆ ಉಸಿರಾಡಿದರೆ ಜ್ವರ. ದೀಪಾವಳಿ ರಜೆ ಮುಗಿದಾಗಲೂ ಹೀಗೇ ಆಗುತ್ತಿತ್ತು. ಆಗೆಲ್ಲ ಅವ್ವ ಬೆಲ್ಲದ ಹಾಲು ಕೊಟ್ಟು ಮಲಗಿಸುತ್ತಿದ್ದಳು.

ಬೆಸುಗೆಯ ಅಂಚಿನಲ್ಲಿ ಕೂರುವ ಆ ಆಕ್ಸೈಡಿನ ಪುಡಿ ಬಿಸಿಯಿದ್ದಾಗ ಹಳದಿ, ಆರಿದರೆ ಬಿಳಿ. ಚಿಕ್ಕವಳಿದ್ದಾಗ ಅಂಗಡಿಯಲ್ಲಿ ಆ ಹಳದಿ ಕಂಡ ನೆನಪಿದೆ. ನಿಜವಾಗಿ ಕಂಡೆನೋ, ಕಾಲೇಜಿನ ಪ್ರಯೋಗಾಲಯದಲ್ಲಿ ನಳಿಕೆ ಕಾಸುವಾಗ ಕಂಡದ್ದನ್ನು ಆಮೇಲೆ ಅಲ್ಲಿಗೆ ಒಯ್ದಿಟ್ಟೆನೋ, ಹೇಳಲಾರೆ. ಆ ದೀಪಾವಳಿಗಳ ಬಗ್ಗೆಯೂ ನನಗೆ ಅಷ್ಟೇ ಅನುಮಾನ. ಆದರೆ ಅಂದು ಅನುಮಾನಕ್ಕೆ ಪುರುಸೊತ್ತಿರಲಿಲ್ಲ. ಅಪ್ಪ ಊಟ ಬಿಟ್ಟಿದ್ದರು.

"ಅಪ್ಪಾ, ಇದು ಜಸ್ತದ ಹೊಗಿ ಜ್ವರಾರಿ. ನಡುವ ಕೆಲಸಾ ಬಿಟ್ಟಿದ್ರಲ್ಲ, ಅದಕ್ಕ ಬಂತು."

"ಸಾಲಿ ಕಲಿಸಿದ್ದಕ್ಕ ನನಗಽ ಪಾಠಾ ಹೇಳಾಕತ್ತೀ," ಎಂದರು. ಆಮೇಲೆ ನನ್ನ ಕಡೆ ಹೊರಳಿ ಕೇಳಿದರು: "ಹಂಗಾರ ಆಕಿ ಕರೀಲಿಲ್ಲ?"

"ಇಲ್ರಿ" ಎಂದೆ ಅನ್ನಿಸುತ್ತದೆ. ಬರೀ ತಲೆಯಾಡಿಸಿದ್ದೂ ಇರಬಹುದು. ಅಪ್ಪ ಎದ್ದು ಕೂತು, ಅರ್ಧ ರೊಟ್ಟಿ ತಿಂದು, ಕೀಲಿಕೈ ಕೇಳಿದರು.

ಮರುದಿನ ನಾನು ಹೇಳಿದಂತೆಯೇ ಮಾಡಿದರು. ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಪೈಪಿನ ತುದಿಗಳ ಜಸ್ತವನ್ನು ಗ್ರೈಂಡರಿನಿಂದ ಉಜ್ಜಿ ತೆಗೆದು, ಅಂಗಡಿಯ ಹೊರಗೆ ಬಯಲಿನಲ್ಲಿ ಬೆಸೆದರು.

ಸಂಜೆ ಕಟ್ಟೆಯ ಮೇಲೆ ಕೂತು ಮತ್ತೆ ಮತ್ತೆ ತಮ್ಮ ಹಣೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. ನಾನೂ ಮುಟ್ಟಿದೆ. ತಣ್ಣಗಿತ್ತು.

"ಏನೂ ಇಲ್ರಿ, ಆರಾಮ ಇದ್ದೀರಿ," ಎಂದೆ.

ಅಪ್ಪ ನನ್ನ ಕೈಯನ್ನು ಮೆಲ್ಲಗೆ ಸರಿಸಿ, ಇನ್ನೊಮ್ಮೆ ತಾವೇ ಮುಟ್ಟಿ ನೋಡಿಕೊಂಡರು.